ಊಟದ ನಂತರದ ಪೀರಿಯಡ್

ಶಾಲೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ಕೂಸಿನ ಪಾಠ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ.

ಗಂಟೆ ಹೊಡೆಯುವ ಜವಾನ ಹತ್ತನೇ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ಹೆಸರು ಹಿಡಿದು ಕೂಗುತ್ತಲೂ ಇರಲಿಲ್ಲ. ಹೆಬ್ಬೆರಳನ್ನು ಹೆಗಲ ಹಿಂದಕ್ಕೆ ತೋರಿಸುತ್ತಿದ್ದ, ಅಷ್ಟೆ. ಟೀಚರ್ ಬೋರ್ಡಿನಿಂದ ಮುಖ ತಿರುಗಿಸದೆ ‘ಹೋಗು’ ಅನ್ನುತ್ತಿದ್ದರು. ಬಾಗಿಲ ಪಕ್ಕದ ಕೊನೇ ಬೆಂಚಿನಿಂದ ಕೂಸು ಎದ್ದು ಹೋಗುತ್ತಿದ್ದಳು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮರದ ಹೊಟ್ಟಿನ ಡಬ್ಬ, ತಗಡಿನ ಮೊರ, ಹಳೇ ಬಟ್ಟೆ, ಫಿನಾಯಿಲ್ ಬಾಟಲಿ ಇರುತ್ತಿದ್ದವು. ಮೊದಲು ಹೊಟ್ಟು ಚೆಲ್ಲಬೇಕು. ಅದು ಹೀರಿಕೊಳ್ಳುವ ತನಕ ಕಾಯಬೇಕು. ಅಂಚಿನಿಂದ ನಡುವಿಗೆ ಗೋರಬೇಕು. ನಡುವಿನಿಂದ ಅಂಚಿಗೆ ಗೋರಿದರೆ ಹರಡುತ್ತದೆ. ಬಾಯಲ್ಲಿ ಉಸಿರಾಡಬೇಕು. ತಿಂದದ್ದು ಏನು ಎಂದು ನೋಡಬಾರದು. ಇದನ್ನೆಲ್ಲ ಕೂಸಿಗೆ ಕಲಿಸಿದವಳು ಅವಳ ತಾಯಿ.

ಕೂಸು ಅಂದರೆ ಎತ್ತಿಕೊಳ್ಳುವ ಕೂಸಲ್ಲ. ಹದಿನೈದು ದಾಟಿದ ಹುಡುಗಿ. ಮನೆಯಲ್ಲಿ ಹಾಗೆ ಕರೆಯುತ್ತಾರೆ. ಶಾಲೆಯಲ್ಲಿ ಅವಳಿಗೆ ಫಿನಾಯಿಲ್ ಮರಿ ಎಂದು ಹೆಸರು. ಯಾಕೆಂದರೆ ತಾಯಿಗೆ ಅಲ್ಲಿ ಫಿನಾಯಿಲಮ್ಮ ಎಂದು ಹೆಸರು. ಮಕ್ಕಳು ಹೆಸರಿಡುವುದರಲ್ಲಿ ಜಾಣರು. ಮೇಷ್ಟ್ರುಗಳು ಅದನ್ನು ಕೇಳಿ ನಗದ ಹಾಗೆ ನಗುವುದರಲ್ಲಿ ಇನ್ನೂ ಜಾಣರು.

ತಾಯಿಯ ಕೆಲಸ ಶಾಲೆಯ ಕಕ್ಕಸು ತೊಳೆಯುವುದು. ಏಜೆನ್ಸಿಯವರು ಹಾಕಿದ ಕೆಲಸ. ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಒಂದು ಸಲ, ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಸಲ. ನಡುವಿನ ಹೊತ್ತಿನಲ್ಲಿ ಅವಳು ಎರಡು ಬೀದಿ ಆಚೆಯ ಹಲ್ಲಿನ ಆಸ್ಪತ್ರೆಯಲ್ಲಿ ಉಗುಳುವ ಬೋಗುಣಿ ತೊಳೆಯುತ್ತಿದ್ದಳು. ‘ಬೆಳಿಗ್ಗೆ ಮಕ್ಕಳ ಮೂತ್ರ, ಮಧ್ಯಾಹ್ನ ದೊಡ್ಡೋರ ಉಗುಳು’ ಎಂದು ಅತ್ತೆಯ ಹತ್ತಿರ ಹೇಳಿ ತಾನೇ ನಗುತ್ತಿದ್ದಳು. ಅತ್ತೆ ನಗುತ್ತಿರಲಿಲ್ಲ. ಗಂಡ ಎಂಬವನು ಯಾವುದೋ ಊರಿಗೆ ಕೆಲಸ ಹುಡುಕಿಕೊಂಡು ಹೋದವನು ಕೆಲಸವನ್ನೂ ಕಾಣಲಿಲ್ಲ, ವಾಪಸು ದಾರಿಯನ್ನೂ ಕಾಣಲಿಲ್ಲ. ಅವನ ಬಗ್ಗೆ ಯಾರಾದರೂ ಕೇಳಿದರೆ ಅತ್ತೆ, ‘ನಾನು ಹೆತ್ತೆ, ಕಟ್ಟಿ ಹಾಕ್ಲಿಲ್ಲ’ ಅನ್ನುತ್ತಿದ್ದಳು.

ಮಗಳನ್ನು ವಾಂತಿ ಬಳಿಯಲು ಕರೆಯುವುದು ಶುರುವಾದದ್ದು ಅವಳು ಎಂಟನೇ ತರಗತಿಯಲ್ಲಿದ್ದಾಗ. ಒಂದು ಸಂಜೆ ಹೆಡ್ ಮೇಷ್ಟ್ರು ವರಾಂಡದಲ್ಲಿ ನಿಂತು ಹೇಳಿದರು.

‘ಮಧ್ಯಾಹ್ನದ ಹೊತ್ತು ನೀನಿರಲ್ಲ. ಮಕ್ಕಳು ಉಂಡು ಬಿಸಿಲಲ್ಲಿ ಓಡ್ತವೆ, ಬಂದು ಕಕ್ಕುತ್ತವೆ. ನಿನ್ನ ಮಗಳು ಹೇಗೂ ಇಲ್ಲೇ ಇರ್ತಾಳಲ್ಲ. ಒಂದು ಐದು ನಿಮಿಷದ ಕೆಲಸ.’

‘ಕರೀರಿ ಸಾರ್. ಅದೇನು ಬೆಟ್ಟ ಹೊರೋ ಕೆಲ್ಸಾನಾ?’ ಅಂದಿದ್ದಳು ತಾಯಿ.

ಅವಳಿಗೆ ಅವಳದೇ ಒಂದು ಎಣಿಕೆ ಇತ್ತು. ಮೇಷ್ಟ್ರ ಕಣ್ಣಿಗೆ ಬಿದ್ದ ಮಗು ಮುಂದೆ ಬರುತ್ತದೆ. ಉಳ್ಳವರ ಮಕ್ಕಳು ಹುಟ್ಟಿನಿಂದಲೇ ಕಣ್ಣಿಗೆ ಬಿದ್ದಿರುತ್ತಾರೆ. ಇವಳು ಬೀಳಬೇಕಾದರೆ ಏನಾದರೂ ಮಾಡಿಯೇ ಬೀಳಬೇಕು. ಟೀಚರುಗಳ ನೆನಪಿನಲ್ಲಿ ಮಗಳ ಮುಖ ಉಳಿದರೆ ಸಾಕು, ಪರೀಕ್ಷೆ ಹೊತ್ತಿಗೆ ಒಂದು ಮಾತು ಹೆಚ್ಚು ಹೇಳಿಕೊಟ್ಟಾರು, ಒಂದು ತಪ್ಪು ಕ್ಷಮಿಸಿಯಾರು. ಹೀಗೆ ಅವಳು ಯೋಚಿಸಿದ್ದಳು.

ಆ ಭಾನುವಾರ ಮನೆಯ ನೆಲದ ಮೇಲೆ ಒಣಗಿದ ಬ್ರೆಡ್ಡನ್ನು ನೀರಲ್ಲಿ ಕಲಸಿ ಚೆಲ್ಲಿ, ಹೊಟ್ಟು ಹಾಕಿ, ಮಗಳಿಗೆ ಗೋರುವುದನ್ನು ಕಲಿಸಿದಳು. ಮಗಳು ಮೂಗು ಹಿಡಿದುಕೊಂಡು ನಕ್ಕಳು. ಆಗ ಅದು ಆಟ.

‘ಮಗೂಗೆ ಓದು ಹೇಳ್ಕೊಡೇ ಅಂದ್ರೆ ಇದನ್ನ ಹೇಳ್ಕೊಡ್ತಿದ್ದೀಯಲ್ಲ’ ಅಂದಳು ಅತ್ತೆ.

‘ಓದು ನಂಗೆ ಬರಬೇಕಲ್ಲ ಅತ್ತೆ. ಬರೋದನ್ನ ಹೇಳ್ಕೊಡ್ತಿದ್ದೀನಿ.’

ಒಂದು ತಿಂಗಳಾದ ಮೇಲೆ ಹೆಡ್ ಮೇಷ್ಟ್ರು, ‘ನಿನ್ನ ಮಗಳು ಬಹಳ ಚುರುಕಮ್ಮ, ಕಲೆ ಕೂಡ ಉಳಿಯಲ್ಲ’ ಅಂದರು. ಅವಳು ಆ ಮಾತನ್ನು ಹಲ್ಲಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ‘ಹೆಡ್ ಮೇಷ್ಟ್ರೇ ಅಂದ್ರು, ಚುರುಕು ಅಂತ.’ ಯಾವುದರಲ್ಲಿ ಚುರುಕು ಎಂಬುದನ್ನು ಹೇಳಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಎನ್ನುವಾಗ, ಒಂದು ಸೋಮವಾರ ಸಂಜೆ ಹೆಡ್ ಮೇಷ್ಟ್ರು ಅವಳನ್ನು ಕೋಣೆಗೆ ಕರೆಸಿದರು.

‘ಕೂತ್ಕೋಮ್ಮ.’

ಅವಳು ಕುರ್ಚಿಯನ್ನು ನೋಡಿದಳು. ಆ ಕುರ್ಚಿಯನ್ನು ದಿನಾ ಒರೆಸಿದ್ದಳು, ಒಂದು ದಿನ ಕೂತವಳಲ್ಲ. ದೊಡ್ಡವರು ಕೂರಿಸುವುದು ಏಳಿಸುವುದಕ್ಕೇ ಎಂದು ಅವಳಿಗೆ ಗೊತ್ತಿತ್ತು. ಕೂರಲಿಲ್ಲ.

‘ಪರವಾಗಿಲ್ಲ ಸಾರ್. ಬಟ್ಟೆ ಒದ್ದೆ.’

ಅವರು ಒತ್ತಾಯ ಮಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

‘ನಿನ್ನ ಮಗಳು ಒಳ್ಳೇ ಹುಡುಗಿ. ಹೇಳಿದ ಮಾತು ಕೇಳ್ತಾಳೆ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗಣಿತದಲ್ಲಿ ಏನೂ ಇಲ್ಲ. ಸೊನ್ನೆ ಅಂದ್ರೆ ಸೊನ್ನೆಗೇ ಅವಮಾನ.’ ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. ‘ನಮ್ಮ ಶಾಲೆಯಲ್ಲಿ ಕೆಲವು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ. ಒಬ್ಬರೂ ಫೇಲಿಲ್ಲ. ಅದನ್ನ ನೋಡೇ ಜನ ಮಕ್ಕಳನ್ನ ಸೇರಿಸೋದು. ಒಬ್ಬಳಿಂದ ಅದು ಹೋಗಬಾರದು, ಅಲ್ವಾ?’

‘ಅಂದ್ರೆ ಸಾರ್?’

‘ಅಂದ್ರೆ ನೀನೇ ಒಂದು ಅರ್ಜಿ ಕೊಡು. ಮನೇಲಿ ಕಷ್ಟ, ಮಗಳನ್ನ ಶಾಲೆ ಬಿಡಿಸ್ತಾ ಇದ್ದೀವಿ ಅಂತ. ಟಿಸಿ ಕೊಟ್ಟುಬಿಡ್ತೀನಿ. ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆ ಕಟ್ಟಲಿ. ಪಾಸಾದ್ರೆ ಸಂತೋಷ. ಫೇಲಾದ್ರೆ ನಮ್ಮ ಲೆಕ್ಕಕ್ಕೆ ಬರಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರದು.’

‘ನಾವು ಬಿಡಿಸ್ತಾ ಇಲ್ವಲ್ಲ ಸಾರ್.’

‘ಹಾಗಂತ ಬರೀಬೇಕಮ್ಮ. ಎಲ್ಲರೂ ಹಾಗೇ ಬರೆದುಕೊಡೋದು.’

ಅವಳ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡಿರಬೇಕು. ದನಿ ಇನ್ನಷ್ಟು ಮೆತ್ತಗಾಯಿತು.

‘ನಿನ್ನ ಹೊಟ್ಟೆ ಮೇಲೆ ಹೊಡೆಯೋನಲ್ಲ ನಾನು. ಮಧ್ಯಾಹ್ನಕ್ಕೆ ಒಬ್ಬಳನ್ನ ಹಾಕಿ ಅಂತ ಏಜೆನ್ಸಿಗೆ ಹೇಳಿದ್ದೀನಿ. ನಿನ್ನ ಮಗಳಿಗೇ ಕೊಡ್ಸೋಣ. ಹೇಗೂ ಕೈ ಪಳಗಿದೆ. ಮನೆಗೆ ಎರಡು ಸಂಬಳ ಬರುತ್ತೆ. ಶುಕ್ರವಾರ ಊಟ ಆದ ಮೇಲೆ ಅರ್ಜಿ ತಗೊಂಡು ಬಾ.’

‘ಆಗ್ಲಿ ಸಾರ್’ ಅಂದಳು.

ಅದು ಅವಳ ಮಾತಲ್ಲ. ಅವಳ ನಾಲಿಗೆಯ ಮಾತು. ಆ ನಾಲಿಗೆ ಇಷ್ಟು ವರ್ಷ ಈ ಒಂದು ಮಾತಿನಿಂದಲೇ ದುಡಿದು ತಿಂದಿತ್ತು.

ಹುಡುಗರ ಕಕ್ಕಸಿಗೆ ಬಂದು ಪೊರಕೆ ಹಿಡಿದಳು. ಗೋಡೆಯ ಮೇಲೆ ಯಾರೋ ಅವಳ ಚಿತ್ರ ಬರೆದಿದ್ದರು, ಬಕೆಟ್ಟಿನ ಸಮೇತ. ಎದೆಯನ್ನು ದೊಡ್ಡದಾಗಿ ಬರೆದಿದ್ದರು. ಅದನ್ನು ಉಜ್ಜುತ್ತಾ ಉಜ್ಜುತ್ತಾ ಅವಳಿಗೆ ‘ಕೈ ಪಳಗಿದೆ’ ಎಂಬ ಮಾತು ತಿರುಗಿ ತಿರುಗಿ ಬಂತು. ಎತ್ತನ್ನು ಮಾರುವವನು ಹೇಳುವ ಮಾತು ಅದು. ಹೆಗಲು ಪಳಗಿದೆ, ನಡಿಗೆ ಪಳಗಿದೆ. ಎಷ್ಟೋ ವರ್ಷಗಳಿಂದ ಜನರ ಹೊಟ್ಟೆಯೊಳಗಿನದನ್ನೆಲ್ಲ ಬಳಿದಿದ್ದ ಹೆಂಗಸು, ಒಂದು ಸಲವೂ ಓಕರಿಸಿದವಳಲ್ಲ. ಈಗ ಉಚ್ಚೆಯ ತೊಟ್ಟಿಯ ಮೇಲೆ ಬಗ್ಗಿ ಹುಳಿ ನೀರು ಕಕ್ಕಿದಳು. ಕಕ್ಕಿ, ಅದನ್ನೂ ತಾನೇ ತೊಳೆದಳು.

ಆಮೇಲೆ ಹತ್ತನೇ ತರಗತಿಗೆ ಹೋಗಿ ಗುಡಿಸಿದಳು. ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ಆ ಕೋಣೆಯ ಹಿಂದಿನ ಬೆಂಚುಗಳ ಮೇಲೆ ಧೂಳು ಕೂರಲು ಶುರುವಾಗುತ್ತಿತ್ತು. ಕೂರುವವರಿಲ್ಲದ ಬೆಂಚಿನ ಧೂಳು. ಟೈರ್ ಅಂಗಡಿಯವನ ಮಗ, ತಮ್ಮನನ್ನು ಸೊಂಟದಲ್ಲಿಟ್ಟುಕೊಂಡೇ ಶಾಲೆಗೆ ಬರುತ್ತಿದ್ದ ಉದ್ದ ಜಡೆಯವಳು, ತೊದಲುತ್ತಿದ್ದ ಹುಡುಗ. ಒಬ್ಬೊಬ್ಬರಾಗಿ ಕಾಣದಾಗುತ್ತಿದ್ದರು. ಕೇಳಿದರೆ ಟೀಚರುಗಳು, ‘ಓದೋ ಮನಸ್ಸಿಲ್ಲ, ಹೆತ್ತವರಿಗೂ ಗಮನ ಇಲ್ಲ, ಬಿಟ್ಟು ಹೋದ್ರು’ ಅನ್ನುತ್ತಿದ್ದರು. ಅವಳೂ ನಂಬಿದ್ದಳು. ‘ಪಾಪ, ಬಿಟ್ಟು ಹೋದ್ವಂತೆ’ ಎಂದು ಮನೆಯಲ್ಲಿ ಹೇಳಿಯೂ ಇದ್ದಳು.

ಬಿಟ್ಟು ಹೋದರಂತೆ. ಕಸ ಗುಡಿಸುವವಳಿಗೆ ತಿಳಿಯಬೇಕಿತ್ತು. ಯಾವ ಕಸವೂ ತಾನಾಗಿ ಎದ್ದು ಹೊರಗೆ ಹೋಗುವುದಿಲ್ಲ.

ಮನೆ ಅಂದರೆ ಒಂದು ಕೋಣೆ, ಒಂದು ಕಿಟಕಿ. ಅತ್ತೆ ನೆಲದ ಮೇಲೆ ಕಾಲು ಚಾಚಿ ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಗುಜರಿಯವನು ಚೀಲಗಟ್ಟಲೆ ತಂದು ಸುರಿಯುತ್ತಿದ್ದ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಕೂಸು ಸ್ಟವ್ ಮುಂದೆ ಕೂತು ಬೇಳೆ ಬೇಯಿಸುತ್ತಿದ್ದಳು.

ತಾಯಿ ಹೆಡ್ ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹಾವು, ಕೋಲು, ಎಲ್ಲ.

‘ಹಾವು ಯಾರಂತೆ?’ ಅಂದಳು ಅತ್ತೆ, ಕೈಯಲ್ಲಿ ಹಸಿರು ಮುಚ್ಚಳ ಹಿಡಿದು. ‘ನಮ್ಮ ಕೂಸಾ?’

ಕೂಸು ಬೇಳೆ ತಿರುವಿದಳು.

‘ಎರಡು ಸಂಬಳ ಅಂದ್ರಾ?’ ಅಂದಳು ಅತ್ತೆ.

‘ಅಂದ್ರು.’

‘ಹೂಂ.’ ಅತ್ತೆ ಮುಚ್ಚಳವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಳು. ಬಾಡಿಗೆಯ ಯೋಚನೆ ಅವಳಿಗೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ತಾಯಿಗೆ ಸಿಟ್ಟು ಯಾರ ಮೇಲೆ ತಿರುಗಬೇಕೋ ತಿಳಿಯದೆ ಮಗಳ ಮೇಲೆ ತಿರುಗಿತು.

‘ಗಣಿತದಲ್ಲಿ ಸೊನ್ನೆಯಂತೆ. ಏನೇ ಮಾಡ್ತೀಯ ಶಾಲೇಲಿ ನೀನು? ನಾನು ಊರ ಹೊಲಸೆಲ್ಲ ಬಳಿದು ಕಳಿಸಿದ್ದು ಸೊನ್ನೆ ತರಕ್ಕಾ?’

ಕೂಸು ಸ್ಟವ್ವಿನಿಂದ ತಲೆ ಎತ್ತಲಿಲ್ಲ.

‘ಬರ್ಕೊಡಮ್ಮ ಅರ್ಜಿ’ ಅಂದಳು. ‘ಹೇಗೂ ನಾನಲ್ಲಿ ಓದ್ತಾ ಇಲ್ಲ. ಕೆಲ್ಸ ಮಾಡ್ತಾ ಇದ್ದೀನಿ. ಸಂಬಳ ಆದ್ರೂ ಬರ್ಲಿ.’

‘ಏನಂದೆ?’

‘ಊಟದ ನಂತರದ ಪೀರಿಯಡ್ ಯಾವ್ದು ಗೊತ್ತಾ ನಿಂಗೆ?’

ತಾಯಿಗೆ ಗೊತ್ತಿರಲಿಲ್ಲ.

‘ಗಣಿತ. ಎಂಟನೇ ಕ್ಲಾಸಿನಿಂದ್ಲೂ ಅದೇ. ಮಕ್ಕಳು ಯಾವಾಗ ಕಕ್ಕುತ್ತವೆ? ಬೆಳಿಗ್ಗೆ ಕಕ್ಕಲ್ಲ. ಉಂಡು, ಬಿಸಿಲಲ್ಲಿ ಕುಣಿದು, ಬಂದು ಕಕ್ಕುತ್ತವೆ. ಇಷ್ಟು ಮಕ್ಕಳಲ್ಲಿ ದಿನಕ್ಕೊಂದಾದ್ರೂ ಕಕ್ಕದೆ ಇರಲ್ಲ. ಟೀಚರ್ ಬೋರ್ಡಿನ ಮೇಲೆ ಮೊದಲನೇ ಸಾಲು ಬರೆಯೋ ಹೊತ್ತಿಗೆ ಗಂಟೆಯಣ್ಣ ಬಾಗಿಲಿಗೆ ಬರ್ತಾನೆ.’



‘ಐದು ನಿಮಿಷದ ಕೆಲ್ಸ ಅಂದಿದ್ರಲ್ಲ...’ ಅಂದಳು ತಾಯಿ.

‘ಬಳಿಯೋಕೆ ಐದು ನಿಮಿಷ. ಹೊಟ್ಟು ಹೀರೋಕೆ? ಹಿತ್ತಲ ಗುಂಡಿಗೆ ಹಾಕಿ ಬರೋಕೆ? ಕೈ ತೊಳೆಯೋಕೆ? ಎಷ್ಟು ತೊಳೆದ್ರೂ ಪಕ್ಕದವಳು ಮೂಗು ಮುಚ್ಕೋತಾಳೆ ಅಂತ ಇನ್ನೊಂದ್ಸಲ ತೊಳೆಯೋಕೆ?’ ಮಗಳ ದನಿ ಏರಲಿಲ್ಲ. ಅಂಗಡಿ ಸಾಮಾನು ಹೇಳುವ ಹಾಗೆ ಹೇಳಿದಳು. ‘ಸಮೀಕರಣ ಶುರುವಾದ ದಿನ ಏಳನೇ ಕ್ಲಾಸಿನವನು ಲೈಬ್ರರಿ ತುಂಬ ಕಕ್ಕಿದ್ದ. ತ್ರಿಭುಜ ಅಂದ್ರೆ ನಂಗೆ ಹಸಿರು ವಾಂತಿ. ವೃತ್ತ ಅಂದ್ರೆ ಮೆಟ್ಟಿಲ ಮೇಲಿಂದ ಕೆಳಗಿನ ತನಕ ಇಳಿದಿತ್ತಲ್ಲ, ಅದು. ಬೇರೆಯವರಿಗೆ ಸೂತ್ರ ನೆನಪಿದೆ. ನಂಗೆ ಇದು ನೆನಪಿದೆ.’

ಸ್ಟವ್ವಿನ ಮೇಲೆ ಬೇಳೆ ಉಕ್ಕಿತು. ಅತ್ತೆ ಕೈ ಚಾಚಿ ಉರಿ ತಗ್ಗಿಸಿದಳು.

‘ಬಾಗಿಲ ಹತ್ರದ ಬೆಂಚಿಗೆ ಯಾಕೆ ಹಾಕಿದ್ದಾರೆ ಗೊತ್ತಾ?’ ಅಂದಳು ಕೂಸು. ‘ಕರೆದಾಗ ಎದ್ದು ಹೋಗೋಕೆ ಸುಲಭ ಅಂತ. ಅಲ್ಲಿಂದ ಬೋರ್ಡು ಹೊಳೆಯುತ್ತೆ. ಅಕ್ಷರ ಕಾಣಲ್ಲ.’

‘ಒಂದು ದಿನ ಆದ್ರೂ ಹೋಗಲ್ಲ ಅನ್ಬಾರ್ದಿತ್ತಾ ಟೀಚರ್ ಹತ್ರ?’

‘ಅಂದೆ. ಪಾಠ ಇದೆ ಟೀಚರ್ ಅಂದೆ. ನಿನ್ನ ಕೆಲಸ ಮುಗಿಸಿ ಬಾ, ಪಾಠ ಎಲ್ಲೂ ಓಡಿಹೋಗಲ್ಲ ಅಂದ್ರು. ನಾನು ಬರೋ ಹೊತ್ತಿಗೆ ಓಡಿಹೋಗಿತ್ತು. ಕ್ಲಾಸೆಲ್ಲ ನಕ್ಕಿತು, ನಿನ್ನ ಕೆಲಸ ಅಂದಿದ್ದಕ್ಕೆ.’

‘ನಂಗ್ಯಾಕೇ ಹೇಳ್ಲಿಲ್ಲ?’

ಆಗ ಕೂಸು ತಲೆ ಎತ್ತಿ ನೋಡಿದಳು.

‘ನೀನೇ ತಾನೆ ಕಳಿಸಿದ್ದು. ಕರೆದ ತಕ್ಷಣ ಎದ್ದು ಹೋಗು, ಮೇಷ್ಟ್ರಿಗೆ ಇಷ್ಟ ಆಗುತ್ತೆ ಅಂದಿದ್ದೆ.’

ತಾಯಿ ಗೋಡೆಗೆ ಒರಗಿದಳು. ಮೊಣಕೈಗೆ ಬೆಲ್ಲ ಸವರಿದರು, ನಾನು ಎರಡು ವರ್ಷ ಅದನ್ನು ನೆಕ್ಕಲು ನೋಡಿದೆ. ಅಷ್ಟೇ ಅಲ್ಲ. ಮಗಳ ಕೈಯನ್ನೂ ಹಿಡಿದು ಕೊಟ್ಟೆ, ಇದಕ್ಕೂ ಸವರಿ ಅಂತ. ಅವಳಿಗೆ ತನ್ನ ಕೈಗಳ ಮೇಲೆ ಹೇಸಿಗೆ ಬಂತು. ಕೊಳೆಯ ಹೇಸಿಗೆಯಲ್ಲ. ಅದು ಸೋಪಿಗೆ ಹೋಗುತ್ತದೆ.

‘ಆ ಮೇಷ್ಟ್ರ ಮನೇಲಿ ಮಕ್ಕಳು ಕಕ್ಕಲ್ವಾ?’ ಅಂದಳು ಅತ್ತೆ ಇದ್ದಕ್ಕಿದ್ದ ಹಾಗೆ. ‘ಅದನ್ನ ಯಾವ ಕ್ಲಾಸಿನ ಹುಡುಗಿ ಬಂದು ಬಳೀತಾಳೆ, ಕೇಳ್ಕೊಂಡು ಬಾ.’ ಮಡಿಲಿನ ಹಸಿರು ಮುಚ್ಚಳವನ್ನು ಎತ್ತಿ ರಾಶಿಗೆ ಎಸೆದಳು. ‘ನಾನೂ ಪೊರಕೆ ಹಿಡಿದೆ, ನೀನೂ ಹಿಡಿದೆ. ಎರಡು ತಲೆಮಾರು ಸಾಲದಂತಾ ಅವರಿಗೆ?’

‘ಕೊಡಲ್ಲ ಅಂದ್ರೆ ನನ್ನ ಕೆಲ್ಸ ಹೋಗುತ್ತೆ ಅತ್ತೆ.’

‘ಹೋಗುತ್ತೆ.’

‘ಬಾಡಿಗೆ?’

‘ನಾನೇನು ಪರಿಹಾರ ಇದೆ ಅಂದ್ನಾ? ಹೋಗುತ್ತೆ ಅಂದೆ, ಅಷ್ಟೆ.’

ಶುಕ್ರವಾರದ ತನಕ ತಾಯಿ ಏನನ್ನೂ ನಿರ್ಧರಿಸಲಿಲ್ಲ. ನಿರ್ಧರಿಸುವ ಅಭ್ಯಾಸ ಅವಳಿಗಿರಲಿಲ್ಲ. ಉಗುಳಿನ ಬೋಗುಣಿಗಳನ್ನು ತೊಳೆದಳು, ಕಕ್ಕಸು ತೊಳೆದಳು. ಗುರುವಾರ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯವನ ಹತ್ತಿರ ಹೋಗಿ ಅರ್ಜಿ ಬರೆಯಲು ಎಷ್ಟು ದುಡ್ಡು ಕೇಳುತ್ತೀಯ ಎಂದು ವಿಚಾರಿಸಿಯೂ ಬಂದಳು. ಏನು ವಿಷಯ ಎಂದು ಅವನು ಕೇಳಿದ. ‘ಮನೇಲಿ ಕಷ್ಟ...’ ಎಂದು ಶುರು ಮಾಡಿದಳು, ಮುಂದಿನ ಮಾತು ಬಾಯಿಗೆ ಬರಲಿಲ್ಲ. ‘ಎಲ್ಲರ ಮನೇಲೂ ಕಷ್ಟಾನೇ ಅಕ್ಕ, ಅದರಲ್ಲಿ ವಿಷಯ ಏನು?’ ಅಂದ ಅವನು. ಅವಳು ವಾಪಸು ಬಂದಳು.

ಶುಕ್ರವಾರ ಹಲ್ಲಿನ ಡಾಕ್ಟರಮ್ಮನ ಗೊಣಗಾಟ ಕೇಳಿಸಿಕೊಂಡು ಅರ್ಧ ದಿನ ರಜೆ ಹಾಕಿ ಶಾಲೆಗೆ ಬಂದಳು. ಏಜೆನ್ಸಿಯ ನೀಲಿ ಕೋಟು ಹಾಕಿರಲಿಲ್ಲ. ಗೇಟಿನಲ್ಲಿ ಜವಾನ ಅಡಿಯಿಂದ ಮುಡಿಯ ತನಕ ನೋಡಿದ.

‘ಏನಕ್ಕ, ಕೋಟಿಲ್ಲದೆ ಬಂದಿದ್ದೀಯ? ಗುರುತೇ ಸಿಗ್ಲಿಲ್ಲ. ಯಾರೋ ಪೇರೆಂಟ್ ಅಂದ್ಕೊಂಡೆ.’

‘ಪೇರೆಂಟೇ’ ಅಂದಳು.

ಊಟದ ಬಿಡುವು ಆಗತಾನೆ ಮುಗಿದಿತ್ತು. ವರಾಂಡದಲ್ಲಿ ಬೆವರಿನ, ಡಬ್ಬಿಯ ಊಟದ ವಾಸನೆ. ಹತ್ತನೇ ತರಗತಿ ಹೆಡ್ ಮೇಷ್ಟ್ರ ಕೋಣೆಯ ಪಕ್ಕದಲ್ಲೇ. ಬಾಗಿಲು ತೆರೆದಿತ್ತು. ಗಣಿತದ ಟೀಚರ್ ಬೋರ್ಡು ಒರೆಸುತ್ತಿದ್ದರು. ಬಾಗಿಲ ಬದಿಯ ಬೆಂಚಿನಲ್ಲಿ ಕೂಸು ಒಬ್ಬಳೇ ಕೂತಿದ್ದಳು. ಮೂವರು ಕೂರುವ ಬೆಂಚು ಅದು. ತಾಯಿಯನ್ನು ಕಂಡು ಮುಖ ತಿರುಗಿಸಿಕೊಂಡಳು. ಅರ್ಜಿ ತಂದಿದ್ದಾಳೆ ಎಂದುಕೊಂಡಳೋ ಏನೋ.

ಹೆಡ್ ಮೇಷ್ಟ್ರು ಕೋಣೆಯಿಂದ ಹೊರಗೆ ಬಂದರು.

‘ಬಂದ್ಯಾ? ಕೊಡು.’ ಕೈ ಚಾಚಿದರು.

‘ತಂದಿಲ್ಲ ಸಾರ್.’

‘ಬರೆಸೋಕೆ ಯಾರೂ ಸಿಗ್ಲಿಲ್ವಾ? ಇಲ್ಲೇ ಬರೆಸ್ತೀನಿ ಬಾ. ನೀನು ಒಂದು ಸಹಿ ಹಾಕು ಸಾಕು.’

ಅವಳು ಉತ್ತರ ಕೊಡುವ ಮುಂಚೆಯೇ ಅದು ಆಯಿತು. ಆರನೇ ತರಗತಿಯ ಒಂದು ಪುಟ್ಟ ಹುಡುಗಿ ಕಂಬ ಹಿಡಿದುಕೊಂಡು ಬಂದಳು, ಎರಡು ಹೆಜ್ಜೆ ಇಟ್ಟಳು, ಬಗ್ಗಿದಳು. ಉಂಡದ್ದೆಲ್ಲ ನೆಲಕ್ಕೆ ಬಂತು. ಹೆಡ್ ಮೇಷ್ಟ್ರು ಹಾರಿ ಹಿಂದಕ್ಕೆ ಸರಿದರು. ಆದರೂ ಶೂ ಮೇಲೆ ಒಂದಿಷ್ಟು ಸಿಡಿಯಿತು.

ಅವರು ಏನೂ ಹೇಳಬೇಕಾಗಲಿಲ್ಲ. ಜವಾನ ಅದಾಗಲೇ ಹತ್ತನೇ ತರಗತಿಯ ಬಾಗಿಲಲ್ಲಿದ್ದ. ಹೆಬ್ಬೆರಳು ಹಿಂದಕ್ಕೆ ಹೋಯಿತು. ಟೀಚರ್ ಬೋರ್ಡಿನ ಕಡೆಗೇ ಮುಖ ಮಾಡಿ ‘ಹೋಗು’ ಅಂದರು. ಎಲ್ಲ ಯಂತ್ರದ ಹಾಗೆ ನಡೆಯಿತು.

ಕೂಸು ಎದ್ದಳು.

ಎರಡು ವರ್ಷದಲ್ಲಿ ತಾಯಿ ಇದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಮಗಳ ಮುಖದಲ್ಲಿ ಬೇಸರವಿರಲಿಲ್ಲ, ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ದೇಹ ಎದ್ದಿತು, ಅಷ್ಟೆ. ಪುಸ್ತಕವನ್ನು ತೆರೆದಿರಲೇ ಇಲ್ಲ. ಹೇಗೂ ಕರೆಯುತ್ತಾರೆ ಎಂದು ತೆರೆಯುವುದನ್ನೇ ಬಿಟ್ಟಿದ್ದಳು.

‘ಕೂತ್ಕೋ’ ಅಂದಳು ತಾಯಿ.

ಜೋರಾಗಿ ಹೇಳಿರಲಿಲ್ಲ. ಆದರೂ ಕೋಣೆಯೊಳಗಿನ ತಲೆಗಳೆಲ್ಲ ತಿರುಗಿದವು. ಕೂಸು ಅರ್ಧ ಎದ್ದ ಹಾಗೇ ನಿಂತಳು. ತಾಯಿಯನ್ನು ನೋಡಿದಳು. ಕೋಟಿಲ್ಲದ ತಾಯಿಯನ್ನು ನೋಡಿದಳು. ಕೂತಳು.

‘ಗಂಟೆಯಣ್ಣ’ ಅಂದಳು ಜವಾನನಿಗೆ, ‘ನಂಗೆ ಪಾಠ ಇದೆ.’

ತಾಯಿ ಆ ಪುಟ್ಟ ಹುಡುಗಿಯ ಹತ್ತಿರ ಹೋದಳು. ಮಗು ಹೆದರಿ ನಡುಗುತ್ತಿತ್ತು. ಅದರ ಹಣೆ ಹಿಡಿದಳು, ಕರ್ಚೀಫಿನಿಂದ ಬಾಯಿ ಒರೆಸಿದಳು, ಕೊರಳು ಒರೆಸಿದಳು. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಬಾಯಿ ತೊಳೆಸಿದಳು, ಕಟ್ಟೆಯ ಮೇಲೆ ಕೂರಿಸಿದಳು. ‘ಏನಾಗಲ್ಲ ಮಗಳೇ. ಉಸಿರು ತಗೋ.’ ಮಗುವನ್ನು ಒರೆಸಿದಳು. ನೆಲವನ್ನು ಒರೆಸಲಿಲ್ಲ.

‘ಇದೇನಿದು?’ ಅಂದರು ಹೆಡ್ ಮೇಷ್ಟ್ರು. ‘ಅವಳನ್ನ ಕೂರಿಸಿದ್ಯಲ್ಲ, ನೀನೇ ಬಳಿ ಹಾಗಾದ್ರೆ.’

‘ನನ್ನ ಹೊತ್ತಲ್ಲ ಸಾರ್. ನನ್ನ ಹೊತ್ತು ಸಂಜೆ. ಈಗ ನಾನು ಆ ಹುಡುಗಿಯ ತಾಯಿ.’

‘ಭಾಷಣ ಬೇಡ. ಅರ್ಜಿ ಕೊಡ್ತೀಯೋ ಇಲ್ವೋ?’

‘ಇಲ್ಲ ಸಾರ್.’

ಅವರ ಕತ್ತು ಕೆಂಪಾಯಿತು. ಮೆತ್ತಗಿನ ದನಿ ಎಲ್ಲಿಗೋ ಹೋಯಿತು.

‘ಕೊಡ್ಬೇಡ. ನಿನ್ನ ಅರ್ಜಿ ಇಲ್ಲದೆಯೂ ಆಗುತ್ತೆ. ಈ ಪೀರಿಯಡ್ಡಲ್ಲಿ ನಿನ್ನ ಮಗಳು ಇರೋದೇ ಇಲ್ಲ. ಕೇಳು ಟೀಚರ್‌ನ, ರಿಜಿಸ್ಟರಲ್ಲಿ ಗೈರು ಅಂತಿದೆ. ಹಾಜರಿ ಸಾಲಲ್ಲ ಅಂತ ಬರೆದು ಪರೀಕ್ಷೆಗೇ ಕೂರಿಸಲ್ಲ.’

ತಾಯಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಬಾಗಿಲಿಗೆ ಬಂದು ಟೀಚರ್ ಮುಖ ನೋಡಿದಳು. ಟೀಚರ್ ಕೈಯಲ್ಲಿನ ಡಸ್ಟರ್ ನೋಡಿಕೊಂಡರು. ಹೋಗು ಅಂದದ್ದೂ ಅವರೇ. ಹೋದವಳನ್ನು ಗೈರು ಎಂದು ಬರೆದದ್ದೂ ಅವರೇ.

ತಾಯಿ ಹೆಡ್ ಮೇಷ್ಟ್ರ ಕಡೆ ತಿರುಗಿದಳು.

‘ಬರೀರಿ ಸಾರ್’ ಅಂದಳು. ‘ಎಲ್ಲಿಗೆ ಹೋಗಿದ್ಲು ಅಂತ್ಲೂ ಬರೀರಿ.’

ಬೆರಳನ್ನು ಜವಾನನ ಕಡೆ, ಟೀಚರ್ ಕಡೆ ತೋರಿಸಿದಳು.

‘ಯಾರು ಕರೆದ್ರು, ಯಾರು ಹೋಗು ಅಂದ್ರು, ಅದನ್ನೂ ಬರೀರಿ. ಯಾರ್ ಯಾರದ್ದು ಬಳಿದ್ಲು ಅಂತ ಬರೀರಿ. ಅವಳಿಗೆ ಎಲ್ಲ ನೆನಪಿದೆ, ಹೇಳ್ತಾಳೆ. ಬರೆದು ಕೆಳಗೆ ನಿಮ್ಮ ಸಹಿ ಹಾಕಿ. ನಾನೂ ಹಾಕ್ತೀನಿ. ಅದನ್ನ ಯಾರಿಗೆ ಕೊಡಬೇಕೋ ಅವರಿಗೆ ನಾನೇ ತಗೊಂಡು ಹೋಗಿ ಕೊಡ್ತೀನಿ.’

ಹೆಡ್ ಮೇಷ್ಟ್ರು ತರಗತಿಯ ಕಡೆಗೆ ನೋಡಿದರು. ಮಕ್ಕಳೆಲ್ಲ ಕೇಳುತ್ತಿದ್ದರು. ಬಾಗಿಲು ಹಾಕು ಎಂದು ಜವಾನನಿಗೆ ಕೈಸನ್ನೆ ಮಾಡಿದರು. ಬಾಗಿಲಲ್ಲಿ ತಾಯಿ ನಿಂತಿದ್ದಳು. ಜವಾನ ಅವಳನ್ನು ನೋಡಿದ, ಬಾಗಿಲನ್ನು ನೋಡಿದ, ಹಾಕಲಿಲ್ಲ.

‘ನಮ್ಮನೆಗೂ ಹೇಳಿ ಕಳಿಸಿದ್ರು’ ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ಯಾರಿಗೂ ಹೇಳಿದ್ದಲ್ಲ ಅದು. ತನಗೆ ತಾನೇ ಹೇಳಿಕೊಂಡ ಹಾಗಿತ್ತು. ‘ಅರ್ಜಿ ಕೊಡಿ ಅಂತ.’

ಹೆಡ್ ಮೇಷ್ಟ್ರ ಹತ್ತಿರ ಇನ್ನು ಉಳಿದದ್ದು ಒಂದೇ ಮಾತು. ಅದನ್ನು ಹೇಳಿದರು.

‘ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ.’

‘ಗೊತ್ತು ಸಾರ್.’ ಅವಳಿಗೆ ಬಾಡಿ ಹೋಗುವಷ್ಟು ಹೆದರಿಕೆ ಇತ್ತು. ಒಂದು ಕೋಣೆ, ಒಂದು ಕಿಟಕಿ, ಅತ್ತೆಯ ಚಾಚಿದ ಕಾಲು, ಎಲ್ಲ ಕಣ್ಣಿಗೆ ಬಂತು. ‘ನಾನು ಬರಲ್ಲ. ಅವಳು ಬರ್ತಾಳೆ.’

ಹೇಳಿ, ಒಳಗೆ ಹೋದಳು. ಮೂವರು ಕೂರುವ ಆ ಬೆಂಚಿನಲ್ಲಿ ಮಗಳ ಪಕ್ಕ ಕೂತಳು. ಕೂರಬಾರದು ಎಂದು ಯಾರೂ ಹೇಳಲಿಲ್ಲ, ಹಾಗೆ ಹೇಳಬೇಕಾದೀತು ಎಂದು ಯಾರೂ ಯೋಚಿಸಿಯೇ ಇರಲಿಲ್ಲ. ಹೆಡ್ ಮೇಷ್ಟ್ರು ಶೂಗೆ ವಾಂತಿ ಸಿಡಿದ ಕಾಲನ್ನು ನೆಲಕ್ಕೆ ಪೂರ್ತಿ ಊರದೆ ಕುಂಟಿಕೊಂಡು ತಮ್ಮ ಕೋಣೆಗೆ ಹೋದರು. ಜವಾನ ಕಿಸೆಯಲ್ಲಿ ಕೈ ಇಟ್ಟುಕೊಂಡು ಗೇಟಿನ ಕಡೆ ಹೊರಟ.

ಹೊರಗೆ ಬಿಸಿಲು ವರಾಂಡದೊಳಕ್ಕೆ ಬಂದಿತ್ತು. ನೆಲದ ಮೇಲಿನದು ಬಿಸಿಯಾಗುತ್ತಿತ್ತು. ನೊಣಗಳು ಬಂದವು. ವಾಸನೆ ಬಾಗಿಲಿನಿಂದ ಒಳಗೆ ಬಂತು, ಕೊನೇ ಬೆಂಚು ದಾಟಿತು, ನಡುವಿನ ಬೆಂಚು ದಾಟಿತು, ಮೊದಲನೇ ಬೆಂಚಿನ ಇಸ್ತ್ರಿ ಮಾಡಿದ ಅಂಗಿಗಳ ತನಕ ಹೋಯಿತು. ಅಲ್ಲಿ ಒಬ್ಬ ಓಕರಿಸಿ ಬಾಯಿ ಮುಚ್ಚಿಕೊಂಡ. ಒಬ್ಬಳು ಕಿಟಕಿಯತ್ತ ನೋಡಿದಳು. ಎಲ್ಲರೂ ಕೂಸಿನ ಕಡೆ ನೋಡಿದರು. ಅಭ್ಯಾಸ.

ಕೂಸು ಪುಸ್ತಕ ತೆರೆದಳು. ಹಾಳೆಗಳು ಅಂಟಿಕೊಂಡಿದ್ದವು, ಬೆರಳಿಂದ ಬಿಡಿಸಿದಳು.

‘ಟೀಚರ್’ ಅಂದಳು, ‘ಮೊದಲನೇ ಸಾಲಿಂದ ಹೇಳಿ. ನಂಗೆ ಅಲ್ಲಿಂದಲೇ ಬರಲ್ಲ.’

ಟೀಚರ್ ಕರ್ಚೀಫಿನಿಂದ ಮೂಗು, ಬಾಯಿ ಎರಡನ್ನೂ ಮುಚ್ಚಿಕೊಂಡು ನಿಂತಿದ್ದರು. ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡರು. ಏನೋ ಹೇಳಲು ಹೋದರು. ಬಟ್ಟೆಯೊಳಗಿನಿಂದ ಮಾತು ಕೇಳಿಸಲಿಲ್ಲ.

‘ಕೇಳಿಸ್ಲಿಲ್ಲ ಟೀಚರ್’ ಅಂದಳು ಕೂಸು.

ಟೀಚರ್ ಕರ್ಚೀಫು ತೆಗೆದರು. ಉಸಿರು ಎಳೆದುಕೊಂಡರು. ಪಾಠ ಶುರು ಮಾಡಿದರು.